ಬಾಟಲಿಯೊಳಗಿನ ಅರಬ್ಬಿ ಸಮುದ್ರ

2020ರ ನವೆಂಬರ್ ತಿಂಗಳ ಕೊನೆಯ ದಿನಗಳು. ಮಲ್ಪೆ ಸಮೀಪದ ಪಡುಕೆರೆಯಲ್ಲಿ ಕತ್ತಲಾದ ಮೇಲೆ ಅಲೆಗಳು ನೀಲಿಯಾಗಿ ಹೊಳೆಯುತ್ತಿವೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿ, ಉಡುಪಿಯ ಅರ್ಧ ಊರೇ ದಂಡೆಯಲ್ಲಿ ನೆರೆದಂತಿತ್ತು. ನಾನೂ ಹೋಗಿದ್ದೆ. ಅಲೆ ಮಗುಚಿ ಬೀಳುವಲ್ಲಿ ಉದ್ದನೆಯ ಗೆರೆಯೊಂದು ಫಕ್ಕನೆ ಹೊತ್ತಿಕೊಂಡು ಆರುತ್ತಿತ್ತು. ಒದ್ದೆ ಮರಳಿನ ಮೇಲೆ ಕಾಲಿಟ್ಟರೆ ಹೆಜ್ಜೆಯ ಸುತ್ತ ಕಿಡಿಗಳು. ಪಕ್ಕದಲ್ಲಿದ್ದ ವಯಸ್ಸಾದ ಮೀನುಗಾರರೊಬ್ಬರಿಗೆ ಮಾತ್ರ ಆ ಬೆಳಕು ಬೇಕಿರಲಿಲ್ಲ. ಅವರು ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿದರು. ನೀರು ದಪ್ಪವಾಗಿದೆ, ನಾಳೆ ಬಲೆ ಬಿಟ್ಟರೂ ಅಷ್ಟಕ್ಕಷ್ಟೇ ಎಂದರು.

ಹೊಳೆದದ್ದು ನಾಕ್ಟಿಲೂಕಾ ಎಂಬ ಏಕಕೋಶ ಜೀವಿ. ಬೆಂದ ಸಾಬಕ್ಕಿಯ ಕಾಳನ್ನು ಸಾಸಿವೆಗಿಂತಲೂ ಚಿಕ್ಕದು ಮಾಡಿದರೆ ಹೇಗಿರುತ್ತದೆಯೋ ಹಾಗೆ, ಪಾರದರ್ಶಕ. ಅಲೆಯೋ ಕಾಲೋ ಅದನ್ನು ಅಲುಗಿಸಿದಾಗ ಅದರೊಳಗೆ ಒಂದು ರಾಸಾಯನಿಕ ಕ್ರಿಯೆ ನಡೆದು ಬೆಳಕು ಹೊರಡುತ್ತದೆ. ಇಷ್ಟನ್ನು ಮರುದಿನದ ಪತ್ರಿಕೆಗಳು ಬರೆದವು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಹಿರಿಯರ ಮಾತು. ನೀರು ದಪ್ಪವಾಗುವುದು ಎಂದರೇನು? ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಗಳಿಗೂ ಬಲೆಗೆ ಬೀಳುವ ಬಂಗುಡೆ, ಬೂತಾಯಿಗಳಿಗೂ ಏನು ಸಂಬಂಧ?

ಈ ಪ್ರಶ್ನೆಗಳ ಹಿಂದೆ ಅರವತ್ತು ವರ್ಷಗಳಿಂದ ಬಿದ್ದಿರುವ ಸಂಸ್ಥೆಯೊಂದು ನಮ್ಮಿಂದ ಬಹಳ ದೂರದಲ್ಲೇನೂ ಇಲ್ಲ. ಮಂಗಳೂರಿನಿಂದ ಕೊಂಕಣ ರೈಲು ಹತ್ತಿದರೆ ಅದೇ ದಿನ ತಲುಪಬಹುದಾದ ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಇದೆ. ಎನ್‌ಐಒ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತ. ಅಲ್ಲಿ ಸೂಕ್ಷ್ಮಜೀವಿಗಳ ಅಧ್ಯಯನ ಬೆಳೆದು ಬಂದ ಬಗೆಯನ್ನು ಓದುತ್ತಾ ಹೋದಂತೆ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಂಡಿತು. ನೀರಿನೊಳಗಿನ ಜೀವಗಳನ್ನು ಎಣಿಸುವ ಕ್ರಮ ಬದಲಾದಾಗಲೆಲ್ಲ ಕಡಲೇ ಬೇರೆಯಾಗಿ ತೋರಿದೆ.

ಹಿಂದೂ ಮಹಾಸಾಗರವನ್ನು ಬಹುಕಾಲ ಯಾರೂ ಸರಿಯಾಗಿ ಅಳೆದಿರಲಿಲ್ಲ. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯಲ್ಲಿ ಹದಿನಾಲ್ಕು ದೇಶಗಳ ನಲವತ್ತಕ್ಕೂ ಹೆಚ್ಚು ಹಡಗುಗಳು ಪಾಲ್ಗೊಂಡವು. ಅವು ಬಲೆಯೆಳೆದು ತಂದ ಪ್ರಾಣಿಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲಾಡುವ ಸಣ್ಣ ಪ್ರಾಣಿಗಳನ್ನು, ವಿಂಗಡಿಸಲು ಕೊಚ್ಚಿಯಲ್ಲಿ ಒಂದು ಕೇಂದ್ರ ತೆರೆಯಿತು. ಆ ಅನ್ವೇಷಣೆ ಮುಗಿದಾಗ ಕಲಿತವರು ಚದುರಿ ಹೋಗಬಾರದೆಂದು 1966ರ ಜನವರಿ 1ರಂದು ಎನ್‌ಐಒ ಹುಟ್ಟಿತು. ಎನ್. ಕೆ. ಪಣಿಕ್ಕರ್ ಮೊದಲ ನಿರ್ದೇಶಕರು. ಮೊದಲು ದೆಹಲಿಯಲ್ಲಿದ್ದ ಕಚೇರಿ ನಂತರ ಗೋವಾಕ್ಕೆ ಬಂತು. 1976ರಲ್ಲಿ ‘ಗವೇಷಣಿ’, 1983ರಲ್ಲಿ ‘ಸಾಗರ ಕನ್ಯಾ’ ಎಂಬ ಸಂಶೋಧನಾ ಹಡಗುಗಳು ಬಂದವು. ಕಡಲಿನ ಸೂಕ್ಷ್ಮಜೀವಿಗಳನ್ನು ಅರಿಯಲು ಹಡಗೇ ಅರ್ಧ ಪ್ರಯೋಗಾಲಯ. ದಂಡೆಯಲ್ಲಿ ಕುಳಿತು ಸಾವಿರ ಮೀಟರ್ ಆಳದ ನೀರನ್ನು ಪಡೆಯುವುದು ಹೇಗೆ?

ಆ ನೀರನ್ನು ತರುವ ಉಪಾಯ ಬಲು ಸರಳ. ಎರಡೂ ತುದಿ ತೆರೆದಿರುವ ಕೊಳವೆಯಂತಹ ಬಾಟಲಿಯನ್ನು ತಂತಿಗೆ ಕಟ್ಟಿ ಇಳಿಸುತ್ತಾರೆ. ಇಳಿಯುವಾಗ ನೀರು ಅದರೊಳಗಿನಿಂದ ಹಾದುಹೋಗುತ್ತಿರುತ್ತದೆ. ಬೇಕಾದ ಆಳ ತಲುಪಿದ ಮೇಲೆ ಅದೇ ತಂತಿಯ ಗುಂಟ ಒಂದು ಲೋಹದ ಗುಂಡನ್ನು ಜಾರಿ ಬಿಡುತ್ತಾರೆ. ಅದು ಹೋಗಿ ಬಡಿದಾಗ ಎರಡೂ ಮುಚ್ಚಳಗಳು ಟಪ್ಪನೆ ಮುಚ್ಚಿಕೊಳ್ಳುತ್ತವೆ. ಆ ಆಳದ ನೀರು, ಅಲ್ಲಿನ ಜೀವಗಳ ಸಮೇತ, ಮೇಲೆ ಬರುತ್ತದೆ. ನಿಸ್ಕಿನ್ ಬಾಟಲಿ ಎಂದು ಇದರ ಹೆಸರು. ಈಗಿನ ಹಡಗುಗಳಲ್ಲಿ ಇಂತಹ ಬಾಟಲಿಗಳ ವೃತ್ತವನ್ನೇ ಇಳಿಸಿ ವಿದ್ಯುತ್ ಸಂಕೇತದಿಂದ ಮುಚ್ಚುತ್ತಾರೆ.

ಬಂದ ನೀರಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇವೆ ಎಂದು ತಿಳಿಯಲು ಎಲ್ಲ ಕಡೆಯಂತೆ ಇಲ್ಲೂ ಮೊದಲಿಗೆ ಬಳಕೆಯಲ್ಲಿದ್ದದ್ದು ತಟ್ಟೆಯ ಕ್ರಮ. ಮಂಗಳೂರಿನ ಅಡುಗೆಮನೆಗಳಲ್ಲಿ ಚೈನಾ ಗ್ರಾಸ್ ಹಾಕಿ ಪುಡಿಂಗ್ ಮಾಡುವುದನ್ನು ನೀವು ನೋಡಿರಬಹುದು. ಹಾಲಿನಲ್ಲಿ ಕುದಿಸಿ ತಣಿಸಿದರೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಪ್ರಯೋಗಾಲಯದ ಅಗರ್ ಎಂದರೆ ಅದೇ, ಕೆಂಪು ಕಡಲಕಳೆಯಿಂದ ತೆಗೆದ ಅಂಟು. ಪೋಷಕಾಂಶ ಬೆರೆಸಿದ ಅಗರನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ಹನಿ ಕಡಲ ನೀರು ಸವರಿ, ಬೆಚ್ಚಗೆ ಇಟ್ಟರೆ ಒಂದೊಂದು ಬ್ಯಾಕ್ಟೀರಿಯವೂ ದುಪ್ಪಟ್ಟಾಗುತ್ತಾ ಹೋಗಿ ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಚುಕ್ಕೆಗಳನ್ನು ಎಣಿಸಿದರೆ ಲೆಕ್ಕ ಸಿಕ್ಕಿತು.

ಹಾಗೆಂದು ನಂಬಿದ್ದರು. ಈ ಕ್ರಮದಲ್ಲಿ ಒಂದು ಮಿಲಿಲೀಟರ್ ನೀರಿಗೆ ಕೆಲವು ನೂರೋ ಸಾವಿರವೋ ಸಿಗುತ್ತಿದ್ದವು. ಅಂದರೆ ಕಡಲು ಹೆಚ್ಚುಕಡಿಮೆ ಖಾಲಿ. ಆದರೆ ತಟ್ಟೆಯ ಮೇಲೆ ಬೆಳೆಯಲು ಒಪ್ಪುವ ಬ್ಯಾಕ್ಟೀರಿಯಾ ಬಹಳ ಕಡಿಮೆ. ಹಸಿದ ಕಡಲಿನಲ್ಲಿ ಬಾಳಿದ ಜೀವಕ್ಕೆ ದಿಢೀರನೆ ಔತಣದ ಊಟ ಬಡಿಸಿದರೆ ಅದು ಉಣ್ಣಲಾರದು. ಇದು ಬಯಲಾದದ್ದು 1970ರ ದಶಕದ ಕೊನೆಯಲ್ಲಿ ಜಗತ್ತಿನಾದ್ಯಂತ ಬಳಕೆಗೆ ಬಂದ ಮತ್ತೊಂದು ಕ್ರಮದಿಂದ. ಕಡಲ ನೀರಿಗೆ ಡಿಎನ್‌ಎಗೆ ಅಂಟಿಕೊಳ್ಳುವ ಬಣ್ಣ ಹಾಕಿ, ಒಂದು ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗದಷ್ಟು ಸಣ್ಣ ರಂಧ್ರಗಳಿರುವ ಕಪ್ಪು ಜಾಲರಿಯ ಮೂಲಕ ಸೋಸುತ್ತಾರೆ. ನೀರು ಇಳಿದು ಹೋಗುತ್ತದೆ, ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಅದರ ಮೇಲೆ ನೀಲಿ ಬೆಳಕು ಬಿಟ್ಟರೆ, ಮುಂಗಾರಿಗೆ ಮೊದಲು ಹಿತ್ತಲಿನ ಮರಕ್ಕೆ ಮಿಣುಕುಹುಳು ಮುತ್ತಿದಂತೆ, ಕಪ್ಪಿನ ಮೇಲೆ ಸಾವಿರಾರು ಚುಕ್ಕೆಗಳು ಬೆಳಗುತ್ತವೆ.

ಹೀಗೆ ಎಣಿಸಿದಾಗ ಮಿಲಿಲೀಟರಿಗೆ ಸಿಕ್ಕಿದ್ದು ಲಕ್ಷದಿಂದ ಹತ್ತು ಲಕ್ಷ. ಒಂದು ಚಹಾ ಚಮಚದ ಕಡಲ ನೀರಿನಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಒಟ್ಟು ಜನಸಂಖ್ಯೆಗಿಂತ ಹೆಚ್ಚು ಬ್ಯಾಕ್ಟೀರಿಯಾ ಇರಬಹುದು. ತಟ್ಟೆ ತೋರಿಸಿದ್ದು ನೂರರಲ್ಲಿ ಒಂದನ್ನೂ ಅಲ್ಲ. ವಿಜ್ಞಾನದ ಇತಿಹಾಸದಲ್ಲಿ ಇದರಷ್ಟು ನನ್ನನ್ನು ಬೆರಗುಗೊಳಿಸುವ ತಿದ್ದುಪಡಿ ಬೇರೆ ಇಲ್ಲ. ಕಡಲು ಅದೇ, ನೀರು ಅದೇ, ಸೋಸುವ ಜಾಲರಿ ಮಾತ್ರ ಬೇರೆ.

ಇಷ್ಟೊಂದು ಬ್ಯಾಕ್ಟೀರಿಯಾ ಇದ್ದರೆ ಅವು ಏನನ್ನಾದರೂ ತಿನ್ನುತ್ತಿರಬೇಕು, ಅವನ್ನೂ ಯಾರಾದರೂ ತಿನ್ನುತ್ತಿರಬೇಕು. ಶಾಲೆಯಲ್ಲಿ ನಾವು ಕಲಿತ ಆಹಾರ ಸರಪಳಿ ನೇರ: ಪಾಚಿಯಂತಹ ಸಸ್ಯಪ್ಲವಕ, ಅದನ್ನು ತಿನ್ನುವ ಪ್ರಾಣಿಪ್ಲವಕ, ಅದನ್ನು ತಿನ್ನುವ ಬೂತಾಯಿ. 1990ರ ದಶಕದಲ್ಲಿ ಅರಬ್ಬಿ ಸಮುದ್ರದಲ್ಲಿ ಹಲವು ದೇಶಗಳು ಸೇರಿ ನಡೆಸಿದ ಅಧ್ಯಯನದಲ್ಲಿ ಎನ್‌ಐಒದ ಎಂ. ಮಧುಪ್ರತಾಪ್ ಮತ್ತು ಸಂಗಡಿಗರು ಈ ನೇರ ಸರಪಳಿಗೆ ಹೊಂದದ ಒಗಟನ್ನು ಎದುರಿಸಿದರು. ಮಳೆಗಾಲದಲ್ಲೂ ಚಳಿಗಾಲದಲ್ಲೂ ಸಸ್ಯಪ್ಲವಕ ಹುಲುಸಾಗಿ ಬೆಳೆಯುತ್ತದೆ. ಮಾರ್ಚ್‌ನಿಂದ ಮೇ ವರೆಗೆ ಕಡಲು ಬಹುಮಟ್ಟಿಗೆ ಬರಡು. ಹಾಗಿದ್ದರೆ ಪ್ರಾಣಿಪ್ಲವಕವೂ ಏರಿಳಿಯಬೇಕಲ್ಲವೇ? ಮೇಲ್ಪದರದ ನೀರಿನಲ್ಲಿ ಅದು ವರ್ಷವಿಡೀ ಬಹುತೇಕ ಒಂದೇ ಪ್ರಮಾಣದಲ್ಲಿತ್ತು. ಬೆಳೆ ಇಲ್ಲದ ತಿಂಗಳುಗಳಲ್ಲೂ ಉಣ್ಣುವವರ ಸಂಖ್ಯೆ ಇಳಿಯಲಿಲ್ಲ. ಇದಕ್ಕೆ ಅರಬ್ಬಿ ಸಮುದ್ರದ ವಿರೋಧಾಭಾಸ ಎಂದೇ ಹೆಸರಾಯಿತು.

ಉತ್ತರದ ದೊಡ್ಡ ಪಾಲು ಬ್ಯಾಕ್ಟೀರಿಯಾದಲ್ಲಿ ಸಿಕ್ಕಿತು. ಸಸ್ಯಪ್ಲವಕ ಬೆಳೆಯುವಾಗ ಸಕ್ಕರೆಯಂತಹ ಪದಾರ್ಥಗಳು ಅದರಿಂದ ನೀರಿಗೆ ಸೋರುತ್ತಿರುತ್ತವೆ. ಸತ್ತಾಗ ಇನ್ನಷ್ಟು ಕರಗುತ್ತದೆ. ಕರಗಿದ ಈ ಆಹಾರವನ್ನು ಪ್ರಾಣಿಗಳು ಹಿಡಿದು ತಿನ್ನಲಾರವು, ಬ್ಯಾಕ್ಟೀರಿಯಾ ಹೀರಬಲ್ಲವು. ಬ್ಯಾಕ್ಟೀರಿಯವನ್ನು ಅದಕ್ಕಿಂತ ಸ್ವಲ್ಪ ದೊಡ್ಡ ಏಕಕೋಶಿಗಳು ನುಂಗುತ್ತವೆ, ಅವನ್ನು ಪ್ರಾಣಿಪ್ಲವಕ. ಪೋಲಾಗಿ ಹೋಗಬೇಕಿದ್ದದ್ದು ಸುತ್ತಿ ಬಳಸಿ ಮತ್ತೆ ಮೀನಿನ ಕಡೆಗೆ ಬರುತ್ತದೆ. ಸೂಕ್ಷ್ಮಜೀವಿ ಕುಣಿಕೆ ಎಂದು ಇದನ್ನು ಕರೆಯಬಹುದು. ನಮ್ಮ ಕಡೆಯ ಮನೆಗಳಲ್ಲಿ ಕೊಟ್ಟಿಗೆಗೆ ಹಾಸಿದ ಸೊಪ್ಪು ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಕಡಲಿನಲ್ಲಿ ಕೊಟ್ಟಿಗೆ, ಗೊಬ್ಬರಗುಂಡಿ, ತೋಟ ಮೂರೂ ಒಂದೇ ಹನಿಯಲ್ಲಿ ಇರುತ್ತವೆ, ಅಷ್ಟೇ ವ್ಯತ್ಯಾಸ.

ಇನ್ನು ಉಸಿರಿನ ವಿಷಯ. ಎನ್‌ಐಒದ ಕೆಲಸದಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಮಹತ್ವದ್ದು ಇದೇ. ನಮ್ಮ ಮೀನುಗಾರರಿಗೆ ನೇರವಾಗಿ ತಟ್ಟುವುದೂ ಇದೇ.

ಅರಬ್ಬಿ ಸಮುದ್ರದ ಮಧ್ಯದಲ್ಲಿ, ಸುಮಾರು 150 ಮೀಟರ್ ಆಳದಿಂದ ಸಾವಿರ ಮೀಟರ್ ಆಳದವರೆಗೆ, ಆಮ್ಲಜನಕ ಬಹುತೇಕ ಇಲ್ಲದ ದಪ್ಪನೆಯ ಪದರವೊಂದಿದೆ. ತೆರೆದ ಕಡಲಿನಲ್ಲಿ ಜಗತ್ತಿನಲ್ಲಿರುವ ಇಂತಹ ಮೂರು ದೊಡ್ಡ ಪ್ರದೇಶಗಳಲ್ಲಿ ಇದೂ ಒಂದು. ಮೇಲೆ ಬೆಳೆದದ್ದು ಸತ್ತು ಕೆಳಗೆ ಇಳಿಯುತ್ತದೆ, ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತಾ ಆಮ್ಲಜನಕವನ್ನು ಬಳಸುತ್ತವೆ. ಉತ್ತರಕ್ಕೆ ನೆಲ ಅಡ್ಡವಿರುವುದರಿಂದ ಹೊಸ ನೀರು ಬೇಗ ಬಂದು ಸೇರುವುದಿಲ್ಲ. ಆಮ್ಲಜನಕ ಮುಗಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಉಸಿರಾಡುವ ವಸ್ತುವನ್ನೇ ಬದಲಿಸುತ್ತವೆ. ಮೊದಲು ನೈಟ್ರೇಟ್. ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು ಉಳಿದ ಸಾರಜನಕವನ್ನು ಅನಿಲವಾಗಿ ಬಿಡುತ್ತವೆ. ರೈತರು ಗದ್ದೆಗೆ ಹಾಕುವ ಯೂರಿಯಾದ ಸತ್ವ ಇರುವುದು ಸಾರಜನಕದಲ್ಲೇ. ಅಂದರೆ ಕಡಲಿನ ಗೊಬ್ಬರವನ್ನು ಈ ಬ್ಯಾಕ್ಟೀರಿಯಾ ಗಾಳಿಗೆ ಹಿಂದಿರುಗಿಸುತ್ತಿವೆ. ಆ ದಾರಿಯಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅನಿಲವೂ ಹುಟ್ಟುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲವುಳ್ಳದ್ದು. ನೈಟ್ರೇಟೂ ಮುಗಿದರೆ ಸಲ್ಫೇಟಿನ ಸರದಿ. ಆಗ ಹುಟ್ಟುವುದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ.

ಇದು ನಡುಗಡಲಿನ ಕಥೆಯಾದರೆ ನಮಗೇನು ಎನ್ನುವಂತಿಲ್ಲ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ, ಪೋಷಕಾಂಶ ತುಂಬಿದ ನೀರು ದಡದ ಕಡೆಗೆ ಏರಿ ಬರುತ್ತದೆ. ಅದೇ ಹೊತ್ತಿಗೆ ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ನದಿಗಳು ಘಟ್ಟದ ಮಳೆಯನ್ನೆಲ್ಲ ತಂದು ಸುರಿಯುತ್ತವೆ. ಸಿಹಿನೀರು ಹಗುರ. ಅದು ಉಪ್ಪುನೀರಿನ ಮೇಲೆ ಮುಚ್ಚಳದಂತೆ ಹರಡಿಕೊಂಡು ಮೇಲಿನ ಗಾಳಿ ಕೆಳಗೆ ಬೆರೆಯದಂತೆ ತಡೆಯುತ್ತದೆ. ಮುಚ್ಚಳದ ಕೆಳಗೆ ಬ್ಯಾಕ್ಟೀರಿಯಾ ಉಣ್ಣುತ್ತಲೇ ಇರುತ್ತವೆ. ಸೆಪ್ಟೆಂಬರ್ ಹೊತ್ತಿಗೆ ತಳದ ನೀರಿನಲ್ಲಿ ಉಸಿರೇ ಉಳಿದಿರುವುದಿಲ್ಲ. 1950ರ ದಶಕದ ಕೊನೆಯಲ್ಲೇ ಕೊಚ್ಚಿಯ ಎದುರಿನ ಕಡಲಲ್ಲಿ ಕಾರ್ಲ್ ಬಾನ್ಸೆ ಎಂಬ ವಿಜ್ಞಾನಿ ಇಂತಹ ನೀರು ಏರಿ ಬಂದಾಗ ತಳದ ಮೀನು ಜಾಗ ಬಿಡುವುದನ್ನು ಗುರುತಿಸಿದ್ದರು. 1999ರಲ್ಲಿ ಎನ್‌ಐಒದ ಎಸ್. ಡಬ್ಲ್ಯು. ಎ. ನಕ್ವಿ ಮತ್ತು ಸಂಗಡಿಗರು ಇದರ ಪೂರ್ತಿ ಹರವನ್ನು ಅಳೆದರು. ಪಶ್ಚಿಮ ಕರಾವಳಿಯ ತೀರದುದ್ದ ಸುಮಾರು 1,80,000 ಚದರ ಕಿಲೋಮೀಟರ್. ಅದು ಕರ್ನಾಟಕದ ವಿಸ್ತೀರ್ಣಕ್ಕೆ ಹತ್ತಿರ ಬರುವ ಸಂಖ್ಯೆ. ಕೆಲವೆಡೆ ಹೈಡ್ರೋಜನ್ ಸಲ್ಫೈಡ್ ಕೂಡ ಸಿಕ್ಕಿತು. ನೈಟ್ರಸ್ ಆಕ್ಸೈಡ್ ಅದುವರೆಗೆ ಕಡಲಿನಲ್ಲಿ ಕಂಡ ಪ್ರಮಾಣಗಳನ್ನೆಲ್ಲ ಮೀರಿತ್ತು. 2000ದಲ್ಲಿ ಈ ವರದಿ ಪ್ರಕಟವಾಯಿತು.

ಆಗಸ್ಟ್ ಒಂದರಂದು ನಿಷೇಧ ಮುಗಿದು ಬೋಟುಗಳು ಹೊರಟ ಮೇಲೆ, ಕೆಲವು ವರ್ಷ ಸೆಪ್ಟೆಂಬರಿನಲ್ಲಿ ನಂಗ್, ಸಿಗಡಿಯಂತಹ ತಳದ ಮೀನುಗಳು ಎಲ್ಲಿ ಹೋದವು ಎಂದು ಮಲ್ಪೆ ಬಂದರಿನಲ್ಲಿ ಮಾತು ನಡೆಯುತ್ತದೆ. ಅತಿಯಾದ ಮೀನುಗಾರಿಕೆಯ ಪಾಲು ಇದರಲ್ಲಿ ಇದ್ದೇ ಇದೆ. ಆದರೆ ಆ ತಿಂಗಳಲ್ಲಿ ತಳದ ನೀರು ಉಸಿರುಗಟ್ಟಿರುತ್ತದೆ ಎಂಬುದನ್ನೂ ಆ ಮಾತಿಗೆ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಈ ತೊಂದರೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೇ, ಹೊಲಗದ್ದೆಗಳಿಂದ ಹರಿದು ಬರುವ ಗೊಬ್ಬರ ಇದಕ್ಕೆ ಕಾರಣವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಆಮ್ಲಜನಕ ಇದೆಯೋ ಇಲ್ಲವೋ ಎಂದು ತಿಳಿಯುವ ಹಳೆಯ ಪರೀಕ್ಷೆಯೊಂದಿದೆ. ನೂರು ವರ್ಷಕ್ಕೂ ಹಳೆಯದು, ಇಂದಿಗೂ ನಂಬಿಕೆಗೆ ಅರ್ಹವಾದದ್ದು. ಒಂದೂ ಗುಳ್ಳೆ ಉಳಿಯದಂತೆ ಗಾಜಿನ ಬಾಟಲಿಗೆ ನೀರು ತುಂಬಿ, ಮ್ಯಾಂಗನೀಸ್ ಲವಣದ ದ್ರಾವಣವನ್ನೂ ಅಯೋಡೈಡ್ ಬೆರೆಸಿದ ಕ್ಷಾರವನ್ನೂ ತುಸು ಹಾಕಿ, ಬಿರಡೆ ಒತ್ತಿ ಅಲುಗಿಸುತ್ತಾರೆ. ಆಮ್ಲಜನಕವಿದ್ದರೆ ಒಳಗೆ ಕಾಫಿಪುಡಿಯ ಬಣ್ಣದ ಗಸಿ ಮೂಡಿ ಮೆಲ್ಲನೆ ತಳಕ್ಕೆ ಕೂರುತ್ತದೆ. ಇಲ್ಲದಿದ್ದರೆ ಗಸಿ ಹಾಲುಬಿಳಿ. ಯಂತ್ರ ಬೇಡ, ಕಣ್ಣೇ ಸಾಕು.

ಸಾರಜನಕವನ್ನು ಗಾಳಿಗೆ ಬಿಡುವ ಬ್ಯಾಕ್ಟೀರಿಯಾ ಯಾವುವು ಎಂಬುದರಲ್ಲೂ ದೊಡ್ಡ ವಾದವಿತ್ತು. ಅಮೋನಿಯಂ ಮತ್ತು ನೈಟ್ರೈಟನ್ನು ಜೋಡಿಸಿ ಸಾರಜನಕ ಮಾಡುವ ಬೇರೊಂದು ಗುಂಪು ಜಗತ್ತಿನ ಹಲವು ಕಡಲುಗಳಲ್ಲಿ ಕಾಣತೊಡಗಿದಾಗ, ಹಳೆಯ ವಿವರಣೆಯೇ ತಪ್ಪಿರಬಹುದೆಂದು ಅನೇಕರು ಭಾವಿಸಿದರು. ಸಾಮಾನ್ಯಕ್ಕಿಂತ ಭಾರವಾದ ಸಾರಜನಕದ ಪರಮಾಣುಗಳನ್ನು ನೀರಿಗೆ ಗುರುತಾಗಿ ಹಾಕಿ, ಹೊರಬಂದ ಅನಿಲದಲ್ಲಿ ಅವು ಯಾವ ಜೋಡಿಯಾಗಿ ಸೇರಿವೆ ಎಂದು ನೋಡಿದರೆ ಯಾರ ಕೆಲಸವೆಂದು ತಿಳಿಯುತ್ತದೆ. ಎನ್‌ಐಒದ ವಿಜ್ಞಾನಿಗಳೂ ಪಾಲ್ಗೊಂಡಿದ್ದ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಬ್ಬಿ ಸಮುದ್ರದ ಮಟ್ಟಿಗೆ ನೈಟ್ರೇಟ್ ಉಸಿರಾಡುವ ಹಳೆಯ ಗುಂಪಿನದೇ ಮೇಲುಗೈ ಎಂದು ಕಂಡಿತು.

ಬ್ಯಾಕ್ಟೀರಿಯಾ ಬಿಟ್ಟರೆ ಶಿಲೀಂಧ್ರಗಳಿವೆ. ಕಡಲಿನಲ್ಲಿ ಅವಕ್ಕೆ ಕೆಲಸವಿಲ್ಲ ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಎನ್‌ಐಒದ ಶೇಷಗಿರಿ ರಘುಕುಮಾರ್ ಮತ್ತು ಚಂದ್ರಲತಾ ರಘುಕುಮಾರ್ ದಂಪತಿ ಅವುಗಳನ್ನೇ ಹಿಡಿದು ದಶಕಗಳ ಕಾಲ ದುಡಿದರು. ನಮ್ಮ ಅಳಿವೆಗಳಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಎಲೆ ನೀರಿಗೆ ಬಿದ್ದ ಮೇಲೆ ಅದನ್ನು ಕೊಳೆಸಿ ಸಿಗಡಿ, ಏಡಿಗಳಿಗೆ ತಿನ್ನಲು ಯೋಗ್ಯವಾಗಿಸುವವರಲ್ಲಿ ಶಿಲೀಂಧ್ರಗಳೂ ಅವನ್ನು ಹೋಲುವ ಥ್ರಾಸ್ಟೊಕೈಟ್ರಿಡ್ ಎಂಬ ಜೀವಿಗಳೂ ಇವೆ. ಈ ಎರಡನೆಯವು ಮಾಡಿಡುವ ಕೊಬ್ಬಿನಲ್ಲಿ, ಮೀನೆಣ್ಣೆಯಲ್ಲಿ ನಾವು ಬಯಸುವ ಒಮೇಗಾ-3 ಹೇರಳ. ಚಂದ್ರಲತಾ ಅವರ ತಂಡ ಹಿಂದೂ ಮಹಾಸಾಗರದ ಮಧ್ಯಭಾಗದಲ್ಲಿ ಸುಮಾರು ಐದು ಕಿಲೋಮೀಟರ್ ಆಳದ ಕೆಸರಿನಿಂದಲೂ ಶಿಲೀಂಧ್ರಗಳನ್ನು ತೆಗೆದು ಬೆಳೆಸಿತು.

ಪಡುಕೆರೆಯ ಬೆಳಕಿಗೂ ಈ ಉಸಿರಿನ ಕಥೆಗೂ ನಂಟಿದೆಯೇ? ನಾಕ್ಟಿಲೂಕಾದಲ್ಲಿ ಹಸಿರು ಬಗೆಯೊಂದಿದೆ. ಅದರ ಕೋಶದೊಳಗೆ ಸಾವಿರಾರು ಪುಟ್ಟ ಪಾಚಿಗಳು ಬಾಡಿಗೆದಾರರಂತೆ ವಾಸಿಸಿ, ಬಿಸಿಲಿನಲ್ಲಿ ಆಹಾರ ತಯಾರಿಸಿ ಮನೆಯೊಡೆಯನಿಗೂ ಕೊಡುತ್ತವೆ. ಹಿಂದೆ ಎನ್‌ಐಒದಲ್ಲಿದ್ದ ಹೆಲ್ಗಾ ಗೋಮ್ಸ್ ಮತ್ತು ಜೋಕಿಂ ಗೋಯಸ್, ಸಂಗಡಿಗರೊಂದಿಗೆ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಳಿಗಾಲದಲ್ಲಿ ಉತ್ತರ ಅರಬ್ಬಿ ಸಮುದ್ರವನ್ನು ಈ ಹಸಿರು ನಾಕ್ಟಿಲೂಕಾ ಆವರಿಸುತ್ತಿರುವುದಕ್ಕೆ ಆಮ್ಲಜನಕ ಕಡಿಮೆಯಾದ ನೀರು ಮೇಲೇರುತ್ತಿರುವುದೇ ಕಾರಣ ಎಂದರು. ಕಾರಣ ಆಮ್ಲಜನಕವಲ್ಲ, ಪೋಷಕಾಂಶಗಳ ಏರುಪೇರು ಎಂದು ವಾದಿಸುವವರೂ ಇದ್ದಾರೆ. ನಮ್ಮ ದಂಡೆಯಲ್ಲಿ ಹೊಳೆದ ನೀರಿಗೆ ಉತ್ತರದ ಕಡಲಿನ ವಿವರಣೆಯನ್ನು ಹಾಗೆಯೇ ಅಂಟಿಸಲು ನಾನು ಮುಂದಾಗುವುದಿಲ್ಲ. ಆದರೆ ಹಿರಿಯರ ಮಾತು ಸುಳ್ಳಲ್ಲ. ನಾಕ್ಟಿಲೂಕಾ ದಟ್ಟವಾದಲ್ಲಿ ಅದು ಸಸ್ಯಪ್ಲವಕವನ್ನೂ ಮೀನಿನ ಮೊಟ್ಟೆಗಳನ್ನೂ ತಿನ್ನುತ್ತದೆ, ಸತ್ತು ಕೊಳೆಯುವಾಗ ಅಮೋನಿಯಾ ಬಿಡುತ್ತದೆ. ಅಂತಹ ನೀರಿನಿಂದ ಮೀನು ದೂರ ಸರಿಯುವುದು ಸಹಜ.

ಎಣಿಕೆಯ ಇತ್ತೀಚಿನ ಕ್ರಮದಲ್ಲಿ ಬೆಳೆಸುವುದೂ ಇಲ್ಲ, ಕಣ್ಣಿನಿಂದ ನೋಡುವುದೂ ಇಲ್ಲ. ತುಳುನಾಡಿನಲ್ಲಿ ಅಪರಿಚಿತರನ್ನು ಕಂಡಾಗ ಹಿರಿಯರು ‘ಬರಿ’, ಅಂದರೆ ಕುಲ, ಯಾವುದೆಂದು ಕೇಳುತ್ತಾರಲ್ಲ, ಹಾಗೆ ಪ್ರತಿ ಸೂಕ್ಷ್ಮಜೀವಿಯ ಡಿಎನ್‌ಎಯಲ್ಲೂ ತಲೆಮಾರುಗಳಿಂದ ಬಂದ, ಬಹಳ ನಿಧಾನವಾಗಿ ಬದಲಾಗುವ ಒಂದು ತುಣುಕಿದೆ. ನೀರನ್ನು ಸೋಸಿ, ಸಿಕ್ಕ ಎಲ್ಲ ಜೀವಿಗಳ ಡಿಎನ್‌ಎಯನ್ನು ಒಟ್ಟಿಗೆ ತೆಗೆದು ಆ ತುಣುಕನ್ನು ಓದಿದರೆ ಯಾರ್ಯಾರ ಕುಲದವರು ಅಲ್ಲಿದ್ದಾರೆ ಎಂದು ತಿಳಿಯುತ್ತದೆ. ಪೂರ್ತಿ ಡಿಎನ್‌ಎ ಓದಿದರೆ ಅವರಿಗೆ ಯಾವ ಕಸುಬು ಗೊತ್ತಿದೆ, ನೈಟ್ರೇಟ್ ಉಸಿರಾಡಬಲ್ಲರೇ ಎಂಬುದೂ ತಿಳಿಯುತ್ತದೆ. 2021ರ ಮಾರ್ಚ್‌ನಲ್ಲಿ ಎನ್‌ಐಒದ ‘ಸಿಂಧು ಸಾಧನಾ’ ಹಡಗು ವಿಶಾಖಪಟ್ಟಣದಿಂದ ಹೊರಟದ್ದು ಹಿಂದೂ ಮಹಾಸಾಗರದ ಸೂಕ್ಷ್ಮಜೀವಿಗಳ ಇಂತಹ ಕುಲಪಟ್ಟಿಗಾಗಿ. ಆದರೂ ಡಿಎನ್‌ಎ ಹೇಳುವುದು ಯಾರು ಏನು ಮಾಡಬಲ್ಲರು ಎಂಬುದನ್ನು. ಇವತ್ತು ಏನು ಮಾಡುತ್ತಿದ್ದಾರೆ ಎಂದು ತಿಳಿಯಲು ಮತ್ತೆ ಬಾಟಲಿ ಇಳಿಸಲೇಬೇಕು.

ಅದಕ್ಕೇ ಹಡಗಿನ ದೊಡ್ಡ ಯಾತ್ರೆಗಳಿಗಿಂತ ನನಗೆ ಹೆಚ್ಚು ಇಷ್ಟವಾದದ್ದು ಎನ್‌ಐಒದ ಒಂದು ಸಣ್ಣ ಕೆಲಸ. ಗೋವಾದ ಕಾಂದೋಳಿ ದಂಡೆಯಿಂದ ಹತ್ತು ಕಿಲೋಮೀಟರ್ ದೂರ, ಇಪ್ಪತ್ತೈದು ಮೀಟರಿಗಿಂತ ತುಸು ಹೆಚ್ಚು ಆಳದ ಒಂದೇ ಜಾಗಕ್ಕೆ 1997ರಿಂದ ಮತ್ತೆ ಮತ್ತೆ ಹೋಗಿ ನೀರು ತರುವ ಕೆಲಸವದು. ಇಂತಹದೊಂದು ಜಾಗ ಮಲ್ಪೆಯ ಎದುರಿಗೂ ಗೊತ್ತಾಗಬೇಕು, ಅದರ ಲೆಕ್ಕ ಬಂದರಿನ ಫಲಕದ ಮೇಲೆ ಬರಬೇಕು ಎಂಬುದು ನನ್ನ ಆಸೆ. ಕಾಂದೋಳಿಯ ಎದುರು ಸೆಪ್ಟೆಂಬರಿನಲ್ಲಿ ತಳದಿಂದ ಎತ್ತಿದ ನೀರಿಗೆ ಆ ಎರಡು ದ್ರಾವಣಗಳನ್ನು ಹಾಕಿದರೆ ಗಸಿ ಬೆಳ್ಳಗೆ ಕೂರುತ್ತದೆ. ಗಾಳಿ ತಿರುಗಿ, ಆಳದ ನೀರು ಹಿಂದೆ ಸರಿದು, ನವೆಂಬರ್ ಕಳೆಯುವ ಹೊತ್ತಿಗೆ ಅದೇ ತಳದಿಂದ ತಂದ ಬಾಟಲಿಯಲ್ಲಿ ಮತ್ತೆ ಕಾಫಿಪುಡಿಯ ಬಣ್ಣ.